ಒಮ್ಮೆ ಕದಲಿದ ರಾಜ

ಗೋಡೆಗೆ ಅಂಟಿಸಿದ್ದ ಪಟ್ಟಿಯಲ್ಲಿ ತನ್ನ ಹೆಸರಿನ ಎದುರಿಗೆ ಮಗಳ ಹೆಸರು ಇರುವುದನ್ನು ಕಂಡಾಗ ಅವನು ಮೊದಲು ಮಾಡಿದ ಕೆಲಸವೆಂದರೆ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ್ದು. ಗಾಜಿನಲ್ಲಿ ಕಲೆಯಿರಲಿಲ್ಲ. ಇರುವುದಿಲ್ಲವೆಂಬುದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಜೀವಮಾನವೆಲ್ಲ ಕನ್ನಡಕದ ಅಂಗಡಿಯ ಕತ್ತಲೆ ಕೋಣೆಯಲ್ಲಿ ಕೂತು, ಎದುರಿಗಿದ್ದವರ ಕಣ್ಣಿಗೆ ಒಂದಾದ ಮೇಲೊಂದು ಗಾಜು ತೊಡಿಸಿ, ಮೊದಲಿನದು ಚೆನ್ನಾಗಿ ಕಾಣ್ತಿತ್ತೋ ಈಗಿನದೋ ಎಂದು ಊರಿನ ಅರ್ಧ ಜನರನ್ನು ಕೇಳಿದವನು ಅವನು. ಮತ್ತೆ ಕನ್ನಡಕ ಹಾಕಿಕೊಂಡು ನೋಡಿದ. ಹೆಸರು ಅಲ್ಲೇ ಇತ್ತು. ಕೊನೆಯ ಸುತ್ತು, ಕಿಟಕಿಯ ಪಕ್ಕದ ಮೇಜು, ಬಿಳಿ ಕಾಯಿ ಅವನಿಗೆ, ಕಪ್ಪು ಕಾಯಿ ಅವಳಿಗೆ. ಬೆನ್ನ ಹಿಂದೆ ಯಾರೋ ನಕ್ಕರು. ಹಲ್ಲಿನ ಡಾಕ್ಟರು. ವರ್ಷಕ್ಕೊಮ್ಮೆ ಗ್ರಂಥಾಲಯದ ಮಹಡಿಯಲ್ಲಿ ನಡೆಯುವ ಈ ಚೆಸ್ ಪಂದ್ಯಾವಳಿಗೆ ತಪ್ಪದೆ ಬಂದು, ತಪ್ಪದೆ ಸೋತು, ಎಲ್ಲರಿಗಿಂತ ಹೆಚ್ಚು ಸಂತೋಷದಿಂದ ಮನೆಗೆ ಹೋಗುವ ಮನುಷ್ಯ. "ಏನ್ ಸಾರ್, ಮನೆ ಜಗಳಾನ ಊರ ಮುಂದೆ ತಂದುಬಿಟ್ರಲ್ಲ," ಎಂದು ಅವರು ಹೆಗಲ ಮೇಲೆ ಕೈಯಿಟ್ಟರು. ಅವನೂ ನಕ್ಕ. ಮನೆಯಲ್ಲಿ ಜಗಳವೇ ಆಗಿರಲಿಲ್ಲವೆಂದು, ಒಂದೇ ಒಂದು ಸಲವಾದರೂ ಆಗಿದ್ದರೆ ಚೆನ್ನಾಗಿರುತ್ತಿತ್ತೆಂದು, ಈ ದೊಡ್ಡ ಹಲ್ಲಿನ ಒಳ್ಳೆಯ ಮನುಷ್ಯನಿಗೆ ಹೇಗೆ ಹೇಳುವುದು? ಮಗಳಲ್ವಾ, ಬಿಟ್ಟುಕೊಡ್ತೀರೇನೋ ಎಂದು ಡಾಕ್ಟರು ಕೆಣಕಿದರು. ಅವಳಿಗೆ ನಾನು ಯಾವತ್ತೂ ಒಂದು ಆಟವನ್ನೂ ಬಿಟ್ಟುಕೊಟ್ಟವನಲ್ಲ ಎಂಬ ಮಾತು ನಾಲಗೆಯ ತುದಿಗೆ ಹೆಮ್ಮೆಯಂತೆ ಬಂದು, ಹೊರಬೀಳುವಷ್ಟರಲ್ಲಿ ಬೇರೇನೋ ಆಗಿ, ಅವನು ಬಾಯಿ ಮುಚ್ಚಿಕೊಂಡ.

ಅವನು ಈ ವರ್ಷ ಹೆಸರು ಕೊಟ್ಟದ್ದೇ ಅವಳ ಹೆಸರು ನೋಡಿ. ಗ್ರಂಥಾಲಯದ ಬಾಗಿಲಲ್ಲಿ ಕಂಡ ಆ ಹೆಸರನ್ನು ಅಂಗಡಿಗೆ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ನಿಂತು ಓದಿದ್ದ. ಹೆಂಡತಿ ತೀರಿಕೊಂಡ ಮೇಲೆ ಮಗಳು ತಾನು ಕೆಲಸ ಮಾಡುವ ರಕ್ತಪರೀಕ್ಷೆಯ ಲ್ಯಾಬಿನ ಮೇಲಿನ ಕೋಣೆಗೆ ಹೋದವಳು ಮತ್ತೆ ಮನೆಯ ಮೆಟ್ಟಿಲು ಹತ್ತಿರಲಿಲ್ಲ. ಜಗಳವಾಡಿ ಹೋಗಲಿಲ್ಲ. ಕೆಲಸಕ್ಕೆ ಹತ್ತಿರವಾಗುತ್ತೆ ಎಂದು ಹೇಳಿ, ಅವನಿಗೆ ಊಟದ ವ್ಯವಸ್ಥೆ ಮಾಡಿ, ಔಷಧಿ ಯಾವ ಡಬ್ಬಿಯಲ್ಲಿದೆಯೆಂದು ತೋರಿಸಿ ಹೋದಳು. ತಾಯಿಯ ಬೀರು ಇನ್ನೂ ಬೀಗ ಹಾಕಿದಂತೆಯೇ ಇತ್ತು. ಅದನ್ನು ತಾನೊಬ್ಬನೇ ತೆಗೆಯುವ ಹಕ್ಕು ತನಗಿದೆಯೆಂದು ಅವನಿಗೆ ಅನ್ನಿಸಿರಲಿಲ್ಲ. ಫೋನಿನಲ್ಲಿ ಕೇಳಬಹುದಿತ್ತು, ಒಂದು ಸಲ ಮನೆಗೆ ಬಾ ಅಂತ. ಆದರೆ ಫೋನಿನಲ್ಲಿ ಅವಳು ಬಿಡುವಿಲ್ಲ ಅನ್ನಬಹುದು. ಇಲ್ಲಿ ಹಾಗನ್ನುವಂತಿಲ್ಲ. ಯಾಕೆಂದರೆ ಅವರಿಬ್ಬರ ನಡುವೆ ಒಂದು ಹಳೆಯ ಕಟ್ಟಳೆಯಿತ್ತು: ಗೆದ್ದವರು ಒಂದನ್ನು ಕೇಳಬಹುದು, ಸೋತವರು ಇಲ್ಲವೆನ್ನಬಾರದು. ಅವಳ ಕಾಲು ಕುರ್ಚಿಯಿಂದ ನೆಲಕ್ಕೆ ಎಟುಕದ ಕಾಲದ ಕಟ್ಟಳೆ ಅದು. ಪ್ರತಿ ಸಲವೂ ಅವನೇ ಗೆಲ್ಲುತ್ತಿದ್ದ, ಪ್ರತಿ ಸಲವೂ ಏನಾದರೂ ಹುಡುಗಾಟದ್ದನ್ನು ಕೇಳುತ್ತಿದ್ದ. ಬೆನ್ನು ತುರಿಸು. ನನ್ನ ಚಪ್ಪಲಿ ಹುಡುಕು. ಓಡಿಹೋಗಿ ಒಂದು ಲೋಟ ನೀರು ತಗೊಂಡ್ ಬಾ ನೋಡೋಣ. ಅವಳು ಕಾಲು ನೆಲಕ್ಕೆ ಅಪ್ಪಳಿಸಿ, ಅಪ್ಪಾ ನೀನು ಮೋಸ ಮಾಡ್ತೀಯ ಎಂದು ಕೂಗಿ, ಕೂಗಿದ ಮೇಲೆ ಹೋಗಿ ತರುತ್ತಿದ್ದಳು. ಈಗಲೂ ಅವಳಿಗೆ ನೆನಪಿರುತ್ತದೆ, ನೆನಪಿರಲೇಬೇಕು ಎಂದು ಅವನು ಒಂದೊಂದು ಸುತ್ತಿನಲ್ಲೂ ಪಟ್ಟಿಯ ಮುಂದೆ ನಿಂತು ಕಾದಿದ್ದ. ಗೆಲ್ಲಬೇಕು. ಗೆದ್ದು ಕೇಳಬೇಕು. ಡ್ರಾ ಆದರೆ ಸಾಲದು.

ಅವಳು ಬಂದು ಕುರ್ಚಿಗೆ ಕೊಡೆ ನೇತುಹಾಕಿ ಕೂತಳು. "ಊಟ ಆಯ್ತಾ ನಿಮ್ದು?" ಎಂದಳು. ಆಯ್ತು ಎಂದ. ನಿಮ್ಮದು ಎಂಬ ಆ ಶಬ್ದ ಅವನನ್ನು ಇಂದಿಗೂ ಹಲ್ಲಿಗೆ ತಣ್ಣೀರು ತಾಗಿದಂತೆ ಜುಮ್ಮೆನಿಸುತ್ತಿತ್ತು. ಅವನು ಮನೆಗೆ ಮರಳಿ ಬಂದ ದಿನ ಶುರುವಾದದ್ದು ಅದು. ಹೋಗುವಾಗ ನೀನು ಆಗಿದ್ದವನು ಬರುವಾಗ ನೀವು ಆಗಿದ್ದ. ಯಾರೂ ಅದನ್ನು ಗಮನಿಸಿದಂತೆ ತೋರಲಿಲ್ಲ. ಹೊರಗಿನವರು ಕೇಳಿದರೆ ಮಗಳಿಗೆ ಎಷ್ಟು ಮರ್ಯಾದೆ ಕಲಿಸಿದ್ದಾರೆ ಅನ್ನುವಂತಿತ್ತು. ಅವಳು ಕಪ್ಪು ಕಾಯಿಗಳನ್ನು ಒಂದೊಂದಾಗಿ ಹಲಗೆಯ ಮೇಲಿನ ತಮ್ಮ ಮನೆಯ ನಡುವಿಗೆ ಸರಿಪಡಿಸುತ್ತಿದ್ದಳು, ಬೆರಳ ತುದಿಯಿಂದ, ರಕ್ತ ತೆಗೆಯುವ ಮೊದಲು ತೋಳಿನ ಮೇಲೆ ನರ ಹುಡುಕುವ ಹಾಗೆ. ಆ ಬೆರಳು ಅವನ ಹೆಂಡತಿಯದು. ತೀರ್ಪುಗಾರರು ಗಡಿಯಾರ ಒತ್ತಿ ಎಂದು ಕೂಗಿದರು. ನಿವೃತ್ತ ಡ್ರಿಲ್ ಮೇಷ್ಟ್ರು ಅವರು. ಕೊರಳಲ್ಲಿ ಈಗ ಶಿಳ್ಳೆಯಿಲ್ಲದಿದ್ದರೂ ಎಲ್ಲರ ಬಾಯಲ್ಲಿ ಶಿಳ್ಳೆ ಮೇಷ್ಟ್ರು. ನಡೆದರೆ ಬೂಟು ಕಿರುಗುಟ್ಟುತ್ತಿತ್ತು, ಆದ್ದರಿಂದ ಸಭಾಂಗಣದಲ್ಲಿ ಅವರು ಎಲ್ಲಿದ್ದಾರೆಂಬುದು ತಲೆಯೆತ್ತದೆಯೂ ಎಲ್ಲರಿಗೂ ತಿಳಿಯುತ್ತಿತ್ತು.

ಅವನು ರಾಜನ ಮುಂದಿನ ಕಾಲಾಳನ್ನು ಎರಡು ಮನೆ ನಡೆಸಿದ. ಅವಳೂ ಹಾಗೆಯೇ. ಕುದುರೆ, ಕುದುರೆ. ಮತ್ತೆ ಕುದುರೆ, ಮತ್ತೆ ಕುದುರೆ. ನಾಲ್ಕು ಕುದುರೆಗಳ ಆಟ, ತಾತಂದಿರ ಕಾಲದ ಆರಂಭ. ಅವಳಿಗೆ ಅವನು ಕಲಿಸಿದ ಮೊದಲನೆಯ ಆರಂಭವೂ ಅದೇ, ಏಕೆಂದರೆ ಅವಳಿಗೆ ಕುದುರೆಗಳೆಂದರೆ ಪ್ರಾಣ. ಅವು ಎದುರುಬದುರು ನಿಂತು ನೀರು ಕುಡಿಯೋಕೆ ಬಂದಿವೆ ಅನ್ನುತ್ತಿದ್ದಳು. ಈಗ ಅವಳು ಏನೂ ಅನ್ನಲಿಲ್ಲ. ಅವನ ಒಂಟೆ ಹೊರಬಂದ ಕೂಡಲೇ ಅವಳ ಒಂದು ಕುದುರೆ ಹಲಗೆಯ ನಡುವಿಗೆ ಜಿಗಿಯಿತು. ಅವನು ಕಡಿದ, ಅವಳು ಕಡಿದಳು, ಕಾಲಾಳುಗಳು ಒಂದನ್ನೊಂದು ದಾಟಿ ನುಗ್ಗಿದವು, ಕಣ್ಣು ಮಿಟುಕಿಸುವಷ್ಟರಲ್ಲಿ ನಾಲ್ಕು ಕುದುರೆಗಳೂ ಹಲಗೆಯ ಹೊರಗೆ ಮೇಜಿನ ಮೇಲೆ ಒರಗಿ ಬಿದ್ದಿದ್ದವು. ಅವನ ಎದೆ ಹಗುರಾಯಿತು. ಈ ದಾರಿ ಅವನಿಗೆ ಗೊತ್ತಿತ್ತು. ಇಲ್ಲಿ ಕಪ್ಪು ರಾಣಿ ನಡುಸಾಲಿನಲ್ಲಿ ನಿಂತು ರಾಜನಿಗೆ ಚೆಕ್ ಕೊಡುತ್ತಾಳೆ, ಬಿಳಿ ರಾಣಿ ಅಡ್ಡ ಬರುತ್ತಾಳೆ, ರಾಣಿಯರು ಹೋಗುತ್ತಾರೆ, ಇಬ್ಬರೂ ಕೈಕುಲುಕಿ ಅರ್ಧರ್ಧ ಅಂಕ ಹಂಚಿಕೊಂಡು ಏಳುತ್ತಾರೆ. ಅವಳು ಚೆಕ್ ಕೊಟ್ಟಳು. ಅವನ ಕೈ ರಾಣಿಯತ್ತ ಹೋಗಿ ಗಾಳಿಯಲ್ಲೇ ನಿಂತಿತು. ಕೈಕುಲುಕಿ ಏಳುವುದಕ್ಕಾಗಿ ಅವನು ಬಂದಿರಲಿಲ್ಲ. ರಾಜನನ್ನೇ ಹಿಡಿದು ಒಂದು ಮನೆ ಬಲಕ್ಕೆ ಸರಿಸಿದ. ಅವಳ ಹುಬ್ಬು ತುಸು ಮೇಲೇರಿ ಇಳಿಯಿತು.

ಆಮೇಲೆ ಅವಳು ಅವಸರಪಡಲಿಲ್ಲ. ಎಡಗಡೆಯ ಕಾಲಾಳುಗಳನ್ನು ಒಂದೊಂದಾಗಿ ಮುಂದೆ ತಂದು ಅವನ ಒಂಟೆಯನ್ನು ಓಡಿಸಿದಳು, ಆ ಕಾಲಾಳುಗಳ ಬೆನ್ನಿಗೆ ತನ್ನ ಒಂಟೆಯನ್ನು ಹಲಗೆಯ ಅಂಚಿಗೆ ಇಟ್ಟಳು. ಅಲ್ಲಿ ಅದು ಗೋಡೆಗೆ ಮುಖಮಾಡಿ ಕೂತಂತೆ ಕಾಣುತ್ತಿತ್ತು. ಒಂದು ಕಾಲಾಳು ಮುಂದೆ ಸರಿಯಿತು, ಅದರ ಹಿಂದಿದ್ದ ಒಂಟೆಯ ದೃಷ್ಟಿ ಓರೆಯಾಗಿ ಇಡೀ ಹಲಗೆಯನ್ನು ಸೀಳಿ ಅವನ ರಾಜನ ಮೇಲೆ ಬಿತ್ತು. ಚೆಕ್. ಅವನು ರಾಜನನ್ನು ಮತ್ತೆ ಅದರ ಮೊದಲಿನ ಮನೆಗೆ ತಂದಿಟ್ಟ. ಇಟ್ಟಾಗ ಒಂದು ಬಗೆಯ ಸಮಾಧಾನವಾಯಿತು, ಬಾಗಿಲು ಹಾಕಿ ಒಳಗೆ ಬಂದಂತೆ. ಅವನು ಮನೆಗೆ ಮರಳಿ ಬಂದ ದಿನ ಹೆಂಡತಿಯೇ ಬಾಗಿಲು ತೆಗೆದಿದ್ದಳು. ಒಂದು ಬೇಸಿಗೆ, ಒಂದು ಚಳಿಗಾಲ ಪೂರ್ತಿ ಇನ್ನೊಂದು ಊರಿನಲ್ಲಿ, ಮೂಗಿನ ಮೇಲೆ ಕನ್ನಡಕ ನಿಲ್ಲುತ್ತಿಲ್ಲವೆಂದು ಅಂಗಡಿಗೆ ಬಂದವಳೊಬ್ಬಳ ಮನೆಯಲ್ಲಿ ಕಳೆದು, ಕಳೆದದ್ದು ಏನು ಉಳಿದದ್ದು ಏನೆಂಬುದು ತನಗೇ ತಿಳಿಯದೆ ಮರಳಿದವನನ್ನು ಅವಳು ಮೇಲಿಂದ ಕೆಳಗೆ ಒಮ್ಮೆ ನೋಡಿ, ಕೈಕಾಲು ತೊಳ್ಕೊಂಡು ಬನ್ನಿ, ಬಡಿಸ್ತೀನಿ ಎಂದಿದ್ದಳು. ಅಷ್ಟೇ. ಅವನ ತಟ್ಟೆ ಅದೇ ಜಾಗದಲ್ಲಿತ್ತು. ಅವನು ಬಿಟ್ಟುಹೋಗಿದ್ದ ಕೊಡೆ ಅದೇ ಮೊಳೆಗೆ ನೇತಾಡುತ್ತಿತ್ತು. ಮಾರನೆಯ ದಿನ ಅಂಗಡಿಯ ಬಾಗಿಲು ತೆಗೆದ. ತಿಂಗಳು ಕಳೆಯುವಷ್ಟರಲ್ಲಿ ತಾನು ಹೋಗಿಯೇ ಇರಲಿಲ್ಲವೇನೋ ಎಂದು ಅವನಿಗೇ ಅನ್ನಿಸತೊಡಗಿತ್ತು. ನೋಡಿದವರಿಗಂತೂ ಎಲ್ಲ ಇದ್ದಲ್ಲೇ ಇತ್ತು. ಅದನ್ನು ಅವನು ಕ್ಷಮೆಯೆಂದು ಕರೆದುಕೊಂಡಿದ್ದ.

ಕಿಟಕಿಯ ಹೊರಗೆ ಮೋಡ ದಟ್ಟೈಸಿತ್ತು. ಹಲಗೆಯ ಮೇಲೆ ಅವನ ರಾಜನಿಗೆ ನಡುವಿನಲ್ಲಿ ನಿಂತು ಉಸಿರುಕಟ್ಟುತ್ತಿದೆಯೆಂದು ಅವನಿಗೆ ಅನ್ನಿಸಿತು. ರಾಣಿಯನ್ನು ಹೊರಗೆ ತಂದಾಗಿತ್ತು, ಒಂಟೆ ನಡುಸಾಲಿಗೆ ಅಡ್ಡವಾಗಿ ನಿಂತು ಚೆಕ್ಕಿನ ಭಯ ತಪ್ಪಿಸಿತ್ತು, ಎಡಗಡೆಯ ಆನೆಗೂ ರಾಜನಿಗೂ ನಡುವೆ ಮೂರು ಮನೆಗಳು ಖಾಲಿ ಬಿದ್ದಿದ್ದವು. ಕ್ಯಾಸ್ಲಿಂಗ್‌ಗೆ ಹೇಳಿ ಮಾಡಿಸಿದಂತಿತ್ತು. ರಾಜ ಒಮ್ಮೆಗೇ ಎರಡು ಮನೆ ಸರಿದು ಮೂಲೆಯ ಆಸರೆಗೆ ಹೋಗುವ, ಆನೆ ಅವನನ್ನು ದಾಟಿ ಬಂದು ಪಕ್ಕದಲ್ಲಿ ಕಾವಲು ನಿಲ್ಲುವ ನಡೆ ಅದು. ಇಡೀ ಆಟದಲ್ಲಿ ತನ್ನ ಎರಡು ಕಾಯಿಗಳನ್ನು ಒಟ್ಟಿಗೆ ನಡೆಸಬಹುದಾದದ್ದು ಅದೊಂದೇ. ಅವನು ರಾಜನನ್ನು ಎತ್ತಿ ಎಡಕ್ಕಿಟ್ಟ, ಆನೆಯನ್ನು ದಾಟಿಸಿದ, ಗಡಿಯಾರ ಒತ್ತಿದ. ಅವಳು ಬಹಳ ಹೊತ್ತು ಹಲಗೆಯನ್ನು ನೋಡಿದಳು. ಆಮೇಲೆ ರಾಜನನ್ನು ನೋಡಿದಳು. ಆಮೇಲೆ ತಲೆಯೆತ್ತಿ ಅವನ ಮುಖವನ್ನೇ ನೋಡಿದಳು, ಅವನು ಮನೆಗೆ ಮರಳಿದ ಮೇಲೆ ಒಮ್ಮೆಯೂ ನೋಡದಷ್ಟು ದೀರ್ಘವಾಗಿ, ಸಿರಿಂಜಿನಲ್ಲಿ ರಕ್ತ ಏರುವುದನ್ನು ನೋಡುವ ಹಾಗೆ, ದಯೆಯೂ ಇಲ್ಲದೆ, ನಿರ್ದಯೆಯೂ ಇಲ್ಲದೆ. ಹುಡುಗಿ ಕಂಗೆಟ್ಟಿದ್ದಾಳೆ ಎಂದುಕೊಂಡ. ಅವಳ ಗಡಿಯಾರ ಓಡುತ್ತಿತ್ತು. ದೂರದಲ್ಲಿ ಶಿಳ್ಳೆ ಮೇಷ್ಟ್ರ ಬೂಟು ಕಿರುಗುಟ್ಟಿ ನಿಂತಿತು. ಅವಳು ತುದಿಯ ಕಾಲಾಳನ್ನು ಒಂದು ಮನೆ ಮುಂದಕ್ಕೆ ತಳ್ಳಿದಳು.

ಅವನು ಆ ಕಾಲಾಳನ್ನು ನೋಡಿ, ಅದರ ಹಿಂದಿನ ಒಂಟೆಯನ್ನು ನೋಡಿ, ಒಂಟೆಯ ದೃಷ್ಟಿ ಹೋಗುವ ಓರೆದಾರಿಯನ್ನು ಬೆರಳಿಲ್ಲದೆ ಕಣ್ಣಿನಿಂದಲೇ ಅನುಸರಿಸಿದ. ಅದು ಬಲಗಡೆಯ ಒಂದು ಖಾಲಿ ಮನೆಗೆ ಹೋಗಿ ಮುಟ್ಟುತ್ತಿತ್ತು. ಅಲ್ಲಿ ಏನೂ ಇರಲಿಲ್ಲ. ಏನೂ ಇಲ್ಲದ ಮನೆಯನ್ನು ಈ ಒಂಟೆ ಯಾಕೆ ದಿಟ್ಟಿಸುತ್ತಿದೆ? ಈ ಪ್ರಶ್ನೆ ಬಲು ಸಾವಧಾನವಾಗಿ, ಯಾರದೋ ಮನೆಯ ಸುದ್ದಿಯಂತೆ ಅವನೊಳಗೆ ಬಂತು. ಸ್ವಲ್ಪ ಹೊತ್ತಿನ ಹಿಂದೆ ಅಲ್ಲಿ ಏನೋ ಇತ್ತು. ಅಲ್ಲಿ ರಾಜ ಇದ್ದ. ರಾಜ ಹೋಗಿ ಬಂದಿದ್ದ. ಒಮ್ಮೆ ಕದಲಿದ ರಾಜನಿಗೆ ಕ್ಯಾಸ್ಲಿಂಗ್ ಇಲ್ಲ. ತನ್ನ ಮನೆಗೇ ಮರಳಿ ಬಂದರೂ, ಎಂದೂ ಕದಲಿಲ್ಲವೆಂಬಂತೆ ನಿಂತರೂ ಇಲ್ಲ. ಇದನ್ನು ಅವನೇ ಅವಳಿಗೆ ಕಲಿಸಿದ್ದ. ವಾಪಸ್ ಬಂದನಲ್ಲ, ಈಗ ಯಾಕೆ ಆಗಲ್ಲ ಎಂದು ಅವಳು ಹಟ ಹಿಡಿದಾಗ, ರಾಜ ಮರೆತರೂ ಆಟ ಮರೆಯಲ್ಲ ಪುಟ್ಟಿ ಎಂದು ಜಾಣತನದಿಂದ ಹೇಳಿ ಅವಳ ಮೂಗು ಹಿಂಡಿದ್ದ.

ಈಗ ನಿಯಮ ಏನು ಹೇಳುತ್ತದೆಂಬುದು ಅವನಿಗೆ ಬಾಯಿಪಾಠವಾಗಿತ್ತು. ಕೈಯೆತ್ತಬೇಕು, ತೀರ್ಪುಗಾರರನ್ನು ಕರೆಯಬೇಕು, ನಡೆಯನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು. ಮುಟ್ಟಿದ್ದು ರಾಜನನ್ನಾದ್ದರಿಂದ ರಾಜನಿಂದಲೇ ಬೇರೊಂದು ನಡೆ ನಡೆಯಬೇಕು, ಎದುರಾಳಿಗೆ ಎರಡು ನಿಮಿಷ ಹೆಚ್ಚು ಸಿಗುತ್ತದೆ. ಅಷ್ಟೇ. ತಲೆ ಹೋಗುವ ತಪ್ಪೇನೂ ಅಲ್ಲ. ಆದರೆ ಪಕ್ಕದ ಮೇಜುಗಳು ತಿರುಗಿ ನೋಡುತ್ತವೆ, ಹಲ್ಲಿನ ಡಾಕ್ಟರು ನಗುತ್ತಾರೆ, ಮಗಳ ಮುಂದೆ ಮೋಸಗಾರನಾಗಿ, ಇಲ್ಲ, ಮರೆಗುಳಿ ಮುದುಕನಾಗಿ ಕೂರಬೇಕು. ಯಾವುದು ಹೆಚ್ಚು ಕೆಟ್ಟದ್ದು? ಮೊದಲಿನದೋ, ಈಗಿನದೋ? ಅವಳು ಗಮನಿಸಿಲ್ಲ. ಗಮನಿಸಿದ್ದರೆ ಹೇಳುತ್ತಿರಲಿಲ್ಲವೇ? ಗಮನಿಸದಿದ್ದುದು ಆಗಿಯೇ ಇಲ್ಲ. ಹೀಗೆಂದುಕೊಳ್ಳುತ್ತಿರುವಾಗಲೇ ಅವನ ಕೈ ಮೇಲೆದ್ದಿತು. ತಾನೇ ಎತ್ತಿದೆನೆಂಬುದು ಅವನಿಗೆ ಬೂಟು ಕಿರುಗುಟ್ಟುತ್ತ ಹತ್ತಿರವಾದಾಗಲೇ ತಿಳಿದದ್ದು. ಶಿಳ್ಳೆ ಮೇಷ್ಟ್ರು ಬಾಗಿ, ಏನಾಗ್ಬೇಕಿತ್ತು ಎಂದು ಪಿಸುಗುಟ್ಟಿದರು. ಅವರ ಉಸಿರಿನಲ್ಲಿ ಲವಂಗದ ವಾಸನೆಯಿತ್ತು. ಮಗಳು ಹಲಗೆಯಿಂದ ಕಣ್ಣು ತೆಗೆದು ಅವನ ಬಾಯಿಯನ್ನು ನೋಡಿದಳು. ಆ ನೋಟದಲ್ಲಿ ಏನೋ ಒಂದು ಎದ್ದು ನಿಂತಿತ್ತು, ಬಸ್ಸು ನಿಲ್ಲುತ್ತದೆಯೆಂದು ನಿಲ್ದಾಣದಲ್ಲಿ ಎದ್ದು ನಿಲ್ಲುವವರ ಹಾಗೆ.

"ಫ್ಯಾನ್ ಸ್ವಲ್ಪ ಕಡಿಮೆ ಮಾಡಿಸ್ತೀರಾ?" ಎಂದ ಅವನು.

ಮೇಷ್ಟ್ರು ಹೋದರು. ಫ್ಯಾನು ನಿಧಾನವಾಯಿತು. ಅವಳು ಮತ್ತೆ ಹಲಗೆಯ ಮೇಲೆ ಬಾಗಿದಳು. ಬಸ್ಸು ನಿಲ್ಲದೆ ಹೋಗಿತ್ತು.

ಅಲ್ಲಿಂದಾಚೆಗೆ ಅವನು ಆಡಿದ್ದು ಹಲಗೆಯ ಮೇಲಲ್ಲ. ಪ್ರತಿಯೊಂದು ನಡೆಯೂ ಕದ್ದ ವಸ್ತುವನ್ನು ಜೇಬಿನಲ್ಲಿಟ್ಟುಕೊಂಡು ಅಂಗಡಿಯವನೊಡನೆ ಹವಾಮಾನದ ಮಾತನಾಡಿದಂತಿತ್ತು. ಒಮ್ಮೆ ಒಳ್ಳೆಯ ನಡೆ ಸಿಕ್ಕಿತು, ಅವಳ ಒಂದು ಕಾಲಾಳು ಬಿತ್ತು. ಗೆಲ್ಲಬಹುದೆನ್ನಿಸಿದ ಒಂದು ಗಳಿಗೆ ಅವನಿಗೆ ನಾಚಿಕೆಯಾಗುವ ಬದಲು ಆಸೆಯಾಯಿತು, ಒಂದು ಸಲ ಮನೆಗೆ ಬಾ ಎಂಬ ಮಾತು ಗಂಟಲಲ್ಲಿ ಬೆಚ್ಚಗೆ ಕೂತಿತು, ಬೀರಿನ ಬೀಗದ ಕೈ ಅವಳ ಅಂಗೈಗೆ ಇಡುವುದನ್ನೂ ಅವನು ಕಂಡ. ಕದ್ದು ಗೆದ್ದರೇನಂತೆ, ಮನೆಗೆ ಬರುವುದು ನಿಜವಾದ ಮಗಳಲ್ಲವೇ? ಅಷ್ಟರಲ್ಲಿ ಅವಳ ತುದಿಯ ಕಾಲಾಳು ಇನ್ನೊಂದು ಮನೆ ಮುಂದೆ ಬಂತು. ಅವನ ಒಂಟೆಗೆ ಓಡಲು ದಾರಿಯಿರಲಿಲ್ಲ. ರಾಜ ಹೋಗಿ ಸೇರಿಕೊಂಡಿದ್ದ ಮೂಲೆಯಲ್ಲಿಯೇ, ಅವನ ನೆತ್ತಿಯ ಮೇಲೆ, ಅವಳ ಕಾಲಾಳುಗಳು ಮೊದಲಿನಿಂದಲೂ ಸಾಲುಗಟ್ಟಿ ಕಾಯುತ್ತಿದ್ದವೆಂಬುದನ್ನು ಅವನು ಆಗ ನೋಡಿದ. ಆಸರೆಯೆಂದು ಹೊಕ್ಕದ್ದು ಬಲೆಯ ಬಾಯಿ.

ಆಸ್ಪತ್ರೆಯಲ್ಲಿ ಹೆಂಡತಿಯ ಮಂಚದ ಪಕ್ಕದಲ್ಲಿ ಕೂತಿದ್ದಾಗಲೂ ಹೀಗೆಯೇ ಕಿಟಕಿಯ ಹೊರಗೆ ಮೋಡವಿತ್ತು. ಮಗಳು ಔಷಧಿ ತರಲು ಕೆಳಗೆ ಹೋಗಿದ್ದಳು. ಅವನು ಹೆಂಡತಿಯ ತಲೆಯನ್ನೆತ್ತಿ ಹಿಡಿದು ನೀರು ಕುಡಿಸಿದ. ಎರಡು ಗುಟುಕು ಕುಡಿದವಳು ಲೋಟವನ್ನೇ ನೋಡುತ್ತ, ಹವಾಮಾನದ ಮಾತಿನಷ್ಟು ಸಹಜವಾಗಿ, "ಆವತ್ತು ಪುಟ್ಟಿ ಕೈಯಿಂದ ಲೋಟ ಬಿಡಿಸೋಷ್ಟರಲ್ಲಿ ನಂಗೆ ಸಾಕುಸಾಕಾಯ್ತು," ಎಂದಳು. ಯಾವತ್ತು ಎಂದು ಅವನು ಕೇಳಲಿಲ್ಲ. ಆ ವಿಷಯದ ಬಗ್ಗೆ ಅವಳು ಜೀವಮಾನದಲ್ಲಿ ಆಡಿದ ಒಂದೇ ಮಾತು ಅದು. ಅವನು ಟವೆಲಿನಿಂದ ಅವಳ ಗಲ್ಲ ಒರೆಸಿ, ಸ್ವಲ್ಪ ಮಲ್ಕೋ ಎಂದ. ಯಾವತ್ತು ಎಂಬುದು ಅವನಿಗೆ ಗೊತ್ತಿತ್ತು. ಆ ಮಧ್ಯಾಹ್ನ ಅವನು ಮಗಳೊಡನೆ ಆಡಿ ಗೆದ್ದಿದ್ದ. ಹೊರಗೆ ಬೀದಿಯ ತಿರುವಿನಲ್ಲಿ ಒಂದು ಕಾರು ಅವನಿಗಾಗಿ ಬಂದು ನಿಂತಿತ್ತು. ಎದುರಿಗೆ ಕೂತ ಮಗಳ ಕಣ್ಣಿನ ಮುಂದೆ ಎದ್ದು ಹೋಗಲು ಅವನಿಂದ ಆಗಲಿಲ್ಲ. ಆದ್ದರಿಂದ, ಓಡಿಹೋಗಿ ಒಂದು ಲೋಟ ನೀರು ತಗೊಂಡ್ ಬಾ ನೋಡೋಣ ಎಂದಿದ್ದ. ಅವಳು ಕಾಲು ಅಪ್ಪಳಿಸಿ, ಮೋಸಗಾರ ಎಂದು ಕೂಗಿ ಒಳಗೆ ಓಡಿದಳು. ಅಡುಗೆಮನೆಯಲ್ಲಿ ನಲ್ಲಿಯ ಶಬ್ದ ಕೇಳಿಸಿತು. ನಲ್ಲಿ ನಿಲ್ಲುವ ಮೊದಲು ಅವನು ಗೇಟು ದಾಟಿದ್ದ. ಗೇಟಿನ ಚಿಲಕ ಸದ್ದು ಮಾಡದಂತೆ ಹಿಡಿದು ಬಿಟ್ಟದ್ದು ಇಂದಿಗೂ ಬೆರಳಿಗೆ ನೆನಪಿದೆ. ಮಳೆ ಬರುವಂತಿದ್ದರೂ ಕೊಡೆ ತೆಗೆದುಕೊಳ್ಳಲಿಲ್ಲ. ಕೊಡೆ ಇಲ್ಲೇ ಇದೆ, ಇಲ್ಲೇ ಎಲ್ಲೋ ಹೋಗಿರ್ತಾರೆ ಎಂದು ಮನೆಯಲ್ಲಿ ಎರಡು ದಿನ ಹೇಳಿಕೊಂಡಿದ್ದರಂತೆ. ಅದು ಅವನಿಗೆ ನೆರೆಮನೆಯವರಿಂದ ತಿಳಿದದ್ದು.

ಈಗ ಮಗಳು ತನ್ನ ಆನೆಯನ್ನು ಅವನ ರಾಜನ ಮುಂದಿನ ಕಾಲಾಳಿನ ಮೇಲೆ ತಂದಿಟ್ಟಳು. ಸುಮ್ಮನೆ ಕೊಟ್ಟಳು, ತಗೋ ಎಂಬಂತೆ. ತೆಗೆದುಕೊಳ್ಳದೆ ಬೇರೆ ದಾರಿಯಿರಲಿಲ್ಲ. ತೆಗೆದುಕೊಂಡ ಮೇಲೆಯೂ ದಾರಿಯಿರಲಿಲ್ಲ. ರಾಣಿ ಬಂದಳು, ಅಂಚಿನಲ್ಲಿ ಸುಮ್ಮನೆ ಕೂತಿದ್ದ ಒಂಟೆ ಕೊನೆಗೆ ಬಾಯಿ ತೆರೆಯಿತು, ರಾಜ ಎರಡು ಹೆಜ್ಜೆ ಓಡಿ ತನ್ನದೇ ಆನೆಯ ಬೆನ್ನಿಗೆ ತಾಗಿ ನಿಂತ. ಇನ್ನೊಂದು ನಡೆಯಲ್ಲಿ ಮುಗಿಯುತ್ತಿತ್ತು. ಅವನು ಗಡಿಯಾರ ನಿಲ್ಲಿಸಿ ಕೈ ಚಾಚಿದ. ಅವಳು ಕೈಕುಲುಕಿದಳು. ತಾಯಿಯ ಶವದ ಮುಂದೆಯೂ ಅವಳು ಅವನ ಕೈ ಹಿಡಿದಿರಲಿಲ್ಲ. ಬೆರಳು ತಣ್ಣಗಿತ್ತು, ಹಿಡಿತ ಗಟ್ಟಿಯಾಗಿತ್ತು, ಬಿಟ್ಟಾಗ ಅವನ ಅಂಗೈಗೆ ಏನೋ ಕಳೆದುಹೋದಂತಾಯಿತು. ಹಲ್ಲಿನ ಡಾಕ್ಟರು ಬಂದು ನೋಡಿ, ಅಬ್ಬಾ, ಅರಿವಳಿಕೆ ಕೊಡದೇನೇ ಕಿತ್ತುಬಿಟ್ಟಿದ್ದಾರಲ್ಲ ಎಂದು ತಮ್ಮ ಮಾತಿಗೆ ತಾವೇ ನಕ್ಕು ಹೋದರು. ಮೇಜುಗಳು ಒಂದೊಂದಾಗಿ ಖಾಲಿಯಾಗುತ್ತಿದ್ದವು.

ಆಟ ಮುಗಿದ ಮೇಲೆ ಇಬ್ಬರೂ ಕೂತು ಎಲ್ಲಿ ತಪ್ಪಾಯಿತೆಂದು ಮತ್ತೆ ಆಡಿ ನೋಡುವುದು ಅಲ್ಲಿನ ರೂಢಿ. ಅವಳು ಏಳಲಿಲ್ಲ. ಕೂತೇ ಇದ್ದಾಳೆ ಎಂದು ಅವನೂ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡ. ಅವಳ ಕೈಗಳು ವೇಗವಾಗಿ ಕಾಯಿಗಳನ್ನು ಹಿಂದಕ್ಕೆ, ಹಿಂದಕ್ಕೆ ಒಯ್ದವು. ಸತ್ತವು ಎದ್ದು ಬಂದು ತಮ್ಮ ಮನೆಗಳಲ್ಲಿ ನಿಂತವು. ರಾಜ ಮೂಲೆಯಿಂದ ಮರಳಿ ನಡುವಿಗೆ ಬಂದಾಗ ಕೈ ನಿಂತಿತು.

"ಇಲ್ಲಿ," ಎಂದಳು.

ಅವನು ಕನ್ನಡಕ ತೆಗೆದ. ಒರೆಸಲಿಲ್ಲ. ಸುಮ್ಮನೆ ಕೈಯಲ್ಲಿ ಹಿಡಿದುಕೊಂಡ. ಎದುರಿಗಿದ್ದ ಮುಖ ಮಸುಕಾಗಿ, ತಾಯಿಯದೋ ಮಗಳದೋ ತಿಳಿಯದಂತಾಯಿತು. "ನೀನು ನೋಡಿದ್ಯಾ?" ಎಂದ.

"ಆಗ್ಲೇ ನೋಡ್ದೆ."

"ಮತ್ತೆ ಹೇಳ್ಬೇಕಿತ್ತು. ಮೇಷ್ಟ್ರನ್ನ ಕರೀಬೇಕಿತ್ತು."

ಅವಳು ರಾಜನನ್ನು ಎತ್ತಿ, ಕ್ಯಾಸ್ಲಿಂಗ್ ಮಾಡದೆ, ಓರೆಯಾಗಿ ಒಂದೇ ಒಂದು ಮನೆ ಮುಂದಕ್ಕಿಟ್ಟಳು. ತೀರ್ಪುಗಾರರು ಬಂದಿದ್ದರೆ ಅವನು ನಡೆಯಲೇಬೇಕಾಗಿದ್ದ ನಡೆ ಅದು. ಆಮೇಲೆ ತನ್ನ ಕಡೆಯಿಂದ ಆಕ್ರಮಣ ಮಾಡಿ ತೋರಿಸಿದಳು. ಕಾಲಾಳು ನುಗ್ಗಿತು, ಅಲ್ಲಿ ರಾಜನಿರಲಿಲ್ಲ. ಆನೆಯನ್ನು ಕೊಟ್ಟು ನೋಡಿದಳು, ಕೊಟ್ಟದ್ದು ವ್ಯರ್ಥವಾಯಿತು. ರಾಣಿಯನ್ನು ಸುತ್ತಿ ತಂದಳು, ಅವನ ರಾಣಿ ಎದುರು ನಿಂತಳು. ಬಿಳಿ ರಾಜ ಹಲಗೆಯ ನಡುವೆ, ಎಲ್ಲರ ಕಣ್ಣೆದುರು, ಬತ್ತಲೆ ನಿಂತಂತೆ ನಿಂತಿದ್ದ. ಯಾರಿಗೂ ಅವನನ್ನು ಮುಟ್ಟಲಾಗುತ್ತಿರಲಿಲ್ಲ. ಅವಳು ಕೈ ಹಿಂತೆಗೆದುಕೊಂಡಳು.

"ಹೇಳಿದ್ರೆ ನೀನು ಉಳ್ಕೊಂಡ್ಬಿಡ್ತಿದ್ದೆ," ಎಂದಳು.

ನೀನು. ಎಷ್ಟೋ ವರ್ಷಗಳ ಮೇಲೆ ಆ ಶಬ್ದ ಬಂದು ಅವನ ಮಡಿಲಲ್ಲಿ ಬಿತ್ತು. ಅದನ್ನು ಎತ್ತಿಕೊಳ್ಳಬೇಕೋ ಬೇಡವೋ ತಿಳಿಯದೆ ಅವನು ಕೂತ. ಉಳ್ಕೊಂಡ್ಬಿಡ್ತಿದ್ದೆ. ಹೆಂಡತಿ ಬಾಗಿಲಲ್ಲಿ ಮೇಲಿಂದ ಕೆಳಗೆ ನೋಡಿದ್ದು ನೆನಪಾಯಿತು. ಆಗ ಅವಳು ಒಂದು ಮಾತು ಕೂಗಿದ್ದರೆ, ತಟ್ಟೆ ಎಸೆದಿದ್ದರೆ, ಎಲ್ಲಿದ್ದಿರಿ ಎಂದು ಕೇಳಿದ್ದರೆ, ಅವನು ಅವಳ ಕಾಲಿಗಾದರೂ ಬೀಳುತ್ತಿದ್ದ. ಬೀಳಲು ಸಿದ್ಧನಾಗಿಯೇ ಬಂದಿದ್ದ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಆಡಬೇಕಾದ ಮಾತು ಜೋಡಿಸಿಕೊಂಡು ಬಂದಿದ್ದ. ಅವಳು ಕೇಳಲಿಲ್ಲ. ಕೈಕಾಲು ತೊಳ್ಕೊಂಡು ಬನ್ನಿ ಎಂದಳು. ಜೋಡಿಸಿಕೊಂಡ ಮಾತುಗಳು ಅವನೊಳಗೇ ಉಳಿದವು. ಒಂದೊಂದು ಊಟದಲ್ಲೂ, ಒಂದೊಂದು ಹಬೆಯಾಡುವ ತಟ್ಟೆಯ ಮುಂದೆಯೂ ಅವಳು ಅವನನ್ನು ನೋಡುತ್ತಿದ್ದಳು, ಇವತ್ತು ಇವನು ತಾನಾಗಿ ಬಾಯಿ ತೆರೆಯುತ್ತಾನೋ ಎಂದು. ಅವನು ಉಪ್ಪು ಕಡಿಮೆಯಾಗಿದೆ ಎನ್ನುತ್ತಿದ್ದ. ಫ್ಯಾನ್ ಸ್ವಲ್ಪ ಕಡಿಮೆ ಮಾಡು ಎನ್ನುತ್ತಿದ್ದ. ಕ್ಷಮೆಯೆಂದು ಅವನು ಹೆಸರಿಟ್ಟು ಅಷ್ಟು ವರ್ಷ ನೆಮ್ಮದಿಯಾಗಿ ಉಂಡದ್ದು ಏನನ್ನು?

"ಕೈ ಎತ್ತಿದಾಗ ಹೇಳ್ತೀಯ ಅಂದ್ಕೊಂಡೆ," ಎಂದಳು ಅವಳು. ಧ್ವನಿಯಲ್ಲಿ ಕೋಪವಿರಲಿಲ್ಲ, ದಣಿವಿತ್ತು. "ಹೇಳಿದ್ರೆ ಡ್ರಾ ಕೊಡೋಣ ಅಂತಿದ್ದೆ."

ಅವನು ಬಾಯಿ ತೆರೆದ. ಎಲ್ಲಿಂದ ಶುರುಮಾಡುವುದು? ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತುಗಳ ಮೊದಲ ಶಬ್ದ ಯಾವುದಾಗಿತ್ತು? ಅದು ನೆನಪಿಗೆ ಬರಲಿಲ್ಲ. "ಪುಟ್ಟೀ," ಎಂದ. ಒಂದು ಸಲ ಮನೆಗೆ ಬಾ ಎಂದು ಕೇಳುವ ಹಕ್ಕು ಅವನಿಗೆ ಈಗ ಇರಲಿಲ್ಲ. ಗೆದ್ದವಳು ಅವಳು. ಅವಳು ಅವನನ್ನೇ ನೋಡುತ್ತಿದ್ದಳು, ಇನ್ನೂ ಸ್ವಲ್ಪ ಕಾಯುವವಳಂತೆ. ಕಾದಳು. ಆಮೇಲೆ ಬೆನ್ನನ್ನು ಕುರ್ಚಿಗೆ ಒರಗಿಸಿದಳು.

"ನಾನು ಗೆದ್ದೆ," ಎಂದಳು. "ಒಂದು ಕೇಳ್ಬಹುದು ಅಲ್ವಾ?"

ನೆನಪಿತ್ತು. ಅವನು ತಲೆಯಾಡಿಸಿದ, ಏನು ಬೇಕಾದರೂ ಕೇಳು ಎಂಬಂತೆ.

"ಓಡಿಹೋಗಿ ಒಂದು ಲೋಟ ನೀರು ತಗೊಂಡ್ ಬಾ ನೋಡೋಣ."

ಅವಳು ನಗುತ್ತಿದ್ದಳೋ ಇಲ್ಲವೋ ಅವನಿಗೆ ಕಾಣಲಿಲ್ಲ, ಕನ್ನಡಕ ಇನ್ನೂ ಕೈಯಲ್ಲೇ ಇತ್ತು. ಅವನು ಎದ್ದ. ತಿರುಗಿದ ಮೇಲೆ ಕನ್ನಡಕ ಹಾಕಿಕೊಂಡ. ಮೇಜುಗಳ ನಡುವೆ ಹಾದು, ಬಾಗಿಲ ಬಳಿ ತಿರುಗಿ ನೋಡಬೇಕೆಂದುಕೊಂಡು, ನೋಡಿದರೆ ಅಪನಂಬಿಕೆ ತೋರಿಸಿದಂತಾಗುತ್ತದೆಂದು ನೋಡದೆ ಹೊರಗೆ ಬಂದ. ಮೊಗಸಾಲೆಯ ಕೊನೆಗೆ ನೀರಿನ ಪೀಪಾಯಿಯಿತ್ತು. ಅದರ ಸ್ಟೀಲಿನ ಲೋಟಕ್ಕೆ ಸರಪಳಿ ಕಟ್ಟಿದ್ದರು. ಅವನು ಲೋಟ ತುಂಬಿಸಿ, ಹಿಡಿದು ಹೊರಟಾಗ ಸರಪಳಿ ಜಗ್ಗಿ ಅರ್ಧ ನೀರು ಅಂಗಿಯ ಮೇಲೆ ಚೆಲ್ಲಿತು. ಕೆಳಗಿಳಿದ. ಪುಸ್ತಕ ಕೊಡುವ ಕಟ್ಟೆಯ ಹಿಂದೆ ಕೂತಿದ್ದ ಹೆಂಗಸು, ನೀರು ಕುಡಿಯೋಕೆ ಲೋಟ ಮೇಲೇ ಇದೆಯಲ್ಲ ಎಂದಳು. ಅದಕ್ಕೆ ಸರಪಳಿ ಇದೆ, ನನಗೆ ತಗೊಂಡು ಹೋಗ್ಬೇಕು ಎಂದ. ಇಲ್ಲೇ ಕುಡೀರಿ ಎಂದಳು. ನನಗಲ್ಲ ಎಂದ. ಅವನ ಮುಖದಲ್ಲಿ ಅವಳು ಏನು ಕಂಡಳೋ, ಮೇಜಿನ ಕೆಳಗಿನಿಂದ ತನ್ನದೇ ಗಾಜಿನ ಲೋಟ ತೆಗೆದು, ತೊಳೆದು, ತುಂಬಿಸಿ ಕೊಟ್ಟಳು. ವಾಪಸ್ ತರಬೇಕು ನೋಡಿ ಎಂದಳು. ತರುತ್ತೇನೆಂದು ಮಾತು ಕೊಟ್ಟ.

ಮೆಟ್ಟಿಲು ಹತ್ತುವಾಗ ಲೋಟದ ಅಂಚಿನಲ್ಲಿ ನೀರು ನಡುಗುತ್ತಿತ್ತು. ಚೆಲ್ಲಬಾರದು. ಚಿಕ್ಕವಳಿದ್ದಾಗ ಮಗಳು ತುಂಬಿದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ನಾಲಗೆಯ ತುದಿ ಹಲ್ಲಿನ ನಡುವೆ ಕಚ್ಚಿಕೊಂಡು, ನೆಲ ನೋಡದೆ ನೀರನ್ನೇ ನೋಡುತ್ತ ಬರುತ್ತಿದ್ದಳು. ಹಾಗೆ ನಡೆದರೆ ಎದುರಿಗೆ ಯಾರಿದ್ದಾರೆ, ಯಾರಿಲ್ಲ ಎಂಬುದು ಹತ್ತಿರ ಬರುವವರೆಗೆ ತಿಳಿಯುವುದಿಲ್ಲ. ಅವನೂ ನೀರನ್ನೇ ನೋಡುತ್ತ ಬಾಗಿಲು ದಾಟಿದ, ಮೇಜುಗಳ ನಡುವೆ ಹಾದ, ಕಿಟಕಿಯ ಪಕ್ಕಕ್ಕೆ ಬಂದು ನಿಂತು, ತಲೆಯೆತ್ತಿದ.

ಕುರ್ಚಿ ಖಾಲಿಯಿತ್ತು. ಕಾಯಿಗಳೆಲ್ಲ ಆಟಕ್ಕೆ ಮುಂಚಿನಂತೆ ತಂತಮ್ಮ ಮನೆಗಳಲ್ಲಿ ನಿಂತಿದ್ದವು. ನಾಲ್ಕು ಕುದುರೆಗಳೂ ಇದ್ದವು. ಬಿಳಿ ರಾಜ ಎಂದೂ ಎಲ್ಲಿಗೂ ಹೋಗದವನಂತೆ ನಿಂತಿದ್ದ. ಕುರ್ಚಿಯ ಬೆನ್ನಿಗೆ ಅವಳ ಕೊಡೆ ನೇತಾಡುತ್ತಿತ್ತು.

ಶಿಳ್ಳೆ ಮೇಷ್ಟ್ರು ಕಿರುಗುಟ್ಟುತ್ತ ಬಂದು ಪಕ್ಕದ ಮೇಜಿನ ಕಾಯಿಗಳನ್ನು ಪೆಟ್ಟಿಗೆಗೆ ತುಂಬತೊಡಗಿದರು. "ಕೊಡೆ ಇಲ್ಲೇ ಇದೆಯಲ್ಲ ಸಾರ್, ಇಲ್ಲೇ ಎಲ್ಲೋ ಹೋಗಿರ್ತಾರೆ. ಕೂತ್ಕೊಳ್ಳಿ, ನಿಂತೇ ಇದೀರಲ್ಲ," ಎಂದರು. ಪರವಾಗಿಲ್ಲ ಎಂದ ಅವನು. ಹೊರಗೆ ಮಳೆಯ ಮೊದಲ ಹನಿಗಳು ಕಿಟಕಿಯ ಗಾಜಿನ ಮೇಲೆ ಓರೆಯಾಗಿ ಗೆರೆ ಎಳೆದವು. ಅವನು ಬಾಗಿಲ ಕಡೆ ನೋಡಿದ. ಕೊಡೆಯ ಕಡೆ ನೋಡಿದ. ಲೋಟವನ್ನು ಮೇಜಿನ ಮೇಲೆ ಇಡಬಹುದಿತ್ತು, ಆದರೆ ಬೆರಳುಗಳು ಬಿಡುತ್ತಿರಲಿಲ್ಲ. ಆವತ್ತು ಮಗಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಲು ತಾಯಿಯೊಬ್ಬಳು ಅಡುಗೆಮನೆಯಿಂದ ಎದ್ದು ಬಂದಿದ್ದಳು.